ವೈಟ್‌ಫೀಲ್ಡಿನಿಂದ ಹಡಗಿಗೆ: ಕಂಟೇನರ್ ಕಳಿಸುವವರಿಗೆ ಕೆಲವು ಲೆಕ್ಕಗಳು

ಪೀಣ್ಯದಲ್ಲಿ ಮೆಷಿನ್ ಮಾಡುವವರಿಗೂ ಜಿಗಣಿಯಲ್ಲಿ ಗ್ರಾನೈಟ್ ಕೊಯ್ಯುವವರಿಗೂ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನವರಿಗೂ ಬಂದರು ಅಂದರೆ ಚೆನ್ನೈ. ಆದರೆ ಕಸ್ಟಮ್ಸ್ ಕಾಗದದ ಮಟ್ಟಿಗೆ ಬಂದರು ವೈಟ್‌ಫೀಲ್ಡಿನಲ್ಲೇ ಇದೆ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ (ಐಸಿಡಿ) ಶುರುವಾದದ್ದು 1981ರಲ್ಲಿ, ಬೆಂಗಳೂರಿನಲ್ಲಿ. ಆಗ ಅದನ್ನು ನಡೆಸುತ್ತಿದ್ದದ್ದು ರೈಲ್ವೆ. 1988ರಲ್ಲಿ ಕಂಟೇನರ್ ಸಾಗಿಸುವ ಸರ್ಕಾರಿ ಕಂಪನಿ ಕಾನ್‌ಕಾರ್ ಹುಟ್ಟಿತು, ಮರುವರ್ಷ ನವೆಂಬರಿನಲ್ಲಿ ರೈಲ್ವೆಯ ಏಳು ಡಿಪೋಗಳನ್ನು ವಹಿಸಿಕೊಂಡು ಕೆಲಸ ಶುರುಮಾಡಿತು. ಈಗ ವೈಟ್‌ಫೀಲ್ಡಿನ ಐಸಿಡಿಗೆ ಕಸ್ಟಮ್ಸ್ ವ್ಯವಸ್ಥೆಯಲ್ಲಿ ಐಎನ್‌ಡಬ್ಲ್ಯುಎಫ್‌ಡಿ6 ಎಂಬ ಕೋಡ್ ಇದೆ. ಆ ಕೊನೆಯ ಅಂಕಿಯನ್ನು ಗಮನಿಸಿ: 1 ಇದ್ದರೆ ಕಡಲ ಬಂದರು, 4 ಇದ್ದರೆ ವಿಮಾನ ನಿಲ್ದಾಣ, 6 ಇದ್ದರೆ ಐಸಿಡಿ. ಚೆನ್ನೈ ಬಂದರಿನ ಕೋಡ್ 1ರಲ್ಲಿ ಮುಗಿಯುತ್ತದೆ, ನಮ್ಮ ಏರ್ ಕಾರ್ಗೋದ್ದು 4ರಲ್ಲಿ. ಶಿಪ್ಪಿಂಗ್ ಬಿಲ್ಲಿನ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆಯ) ಕರಡು ಕೈಗೆ ಬಂದಾಗ ಮೊದಲು ನೋಡಬೇಕಾದ ಅಂಕಿ ಇದೇ.

ಐಸಿಡಿ ಮೂಲಕ ಹೋಗುವ ಸರಕಿಗೆ ಬರುವ ತೊಂದರೆಗಳನ್ನು ಬೆನ್ನುಹತ್ತಿ ಹೋದರೆ ಬಹುಪಾಲು ಫ್ಯಾಕ್ಟರಿ ಅಂಗಳಕ್ಕೇ ತಲುಪುತ್ತವೆ. ಬಾಗಿಲಿಗೆ ಸೀಲು ಬೀಳುವ ಮುನ್ನ ಮಾಡಿದ್ದು, ಮಾಡದೆ ಬಿಟ್ಟದ್ದು ಮುಂದೆ ಚೆನ್ನೈನಲ್ಲೋ ಹ್ಯಾಂಬರ್ಗಿನಲ್ಲೋ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಈ ಬರಹದ ಹೆಚ್ಚು ಭಾಗ ಪೆಟ್ಟಿಗೆ ತುಂಬುವ ಕೆಲಸದ ಬಗ್ಗೆಯೇ.

ಮೊದಲ ಪ್ರಶ್ನೆ ರೈಲೋ ರಸ್ತೆಯೋ ಅನ್ನುವುದು. ಟ್ರೇಲರ್ ನೇರ ಚೆನ್ನೈಗೆ ಹೋದರೆ ಬೇಗ ಮುಟ್ಟುತ್ತದೆ, ನಿಜ. ಆದರೆ ಕಸ್ಟಮ್ಸ್ ತಪಾಸಣೆಯೂ ಅಲ್ಲೇ ಆಗಬೇಕು, ಏನಾದರೂ ಪ್ರಶ್ನೆ ಬಂದರೆ ಉತ್ತರಿಸಲು ನಿಮ್ಮವರು ಯಾರೂ ಅಲ್ಲಿರುವುದಿಲ್ಲ. ವೈಟ್‌ಫೀಲ್ಡಿನಲ್ಲಾದರೆ ರಫ್ತಿನ ಅಪ್ಪಣೆ, ಅಂದರೆ ಎಲ್‌ಇಒ, ಇಲ್ಲೇ ಸಿಗುತ್ತದೆ. ಸ್ಯಾಂಪಲ್ ತೋರಿಸಬೇಕೆಂದರೆ ಒಂದು ಗಂಟೆಯಲ್ಲಿ ಮನುಷ್ಯನನ್ನು ಕಳಿಸಬಹುದು (ಟ್ರಾಫಿಕ್ ಕೃಪೆಯಿದ್ದರೆ). ಭಾರದ ಸರಕಿಗೆ ರೈಲು ಇನ್ನೂ ಅನುಕೂಲ. ಕಂಟೇನರ್ ರೈಲಿನ ಬಿಎಲ್‌ಸಿ ವ್ಯಾಗನ್ ಒಂದಕ್ಕೆ ಎರಡು 20 ಅಡಿ ಪೆಟ್ಟಿಗೆ ಅಥವಾ ಒಂದು 40 ಅಡಿ ಪೆಟ್ಟಿಗೆ. 45 ವ್ಯಾಗನ್ನಿನ ಪೂರ್ತಿ ರೇಕ್‌ಗೆ 20 ಅಡಿಯವು 90. ವ್ಯಾಗನ್ನಿಗೆ ಸುಮಾರು 61 ಟನ್ ಹೊರುವ ಶಕ್ತಿ ಇರುವುದರಿಂದ ತಲಾ 30 ಟನ್ನಿನ ಎರಡು ಪೆಟ್ಟಿಗೆ ನಿಶ್ಚಿಂತೆಯಿಂದ ಕೂರುತ್ತವೆ. ನನ್ನ ಅಭಿಪ್ರಾಯ ಇಷ್ಟು: ಗ್ರಾನೈಟ್, ಮೆಷಿನ್, ಡ್ರಮ್ ಸರಕಿಗೆ ರೈಲು. ಬಟ್ಟೆಯಂಥ ಹಗುರ ಸರಕು, ಅದೂ ಕೊನೇ ಗಳಿಗೆಯ ಆರ್ಡರ್ ಆದರೆ ರಸ್ತೆ. ಪೀಣ್ಯದವರಿಗೆ ಇನ್ನೊಂದು ಖರ್ಚಿದೆ. ಊರಿನ ಪಶ್ಚಿಮ ತುದಿಯಿಂದ ಪೂರ್ವ ತುದಿಗೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ದಾರಿ, ಭಾರಿ ವಾಹನಗಳಿಗೆ ಹಗಲಿನ ನಿರ್ಬಂಧ ಬೇರೆ. ಟ್ರೇಲರಿನವರು ರಾತ್ರಿಯೇ ಹೊರಡುತ್ತಾರೆ. ಸಂಜೆ ಏಳಕ್ಕೆ ಸ್ಟಫಿಂಗ್, ಅಂದರೆ ಪೆಟ್ಟಿಗೆ ತುಂಬುವ ಕೆಲಸ, ಮುಗಿಯದಿದ್ದರೆ ಆ ರಾತ್ರಿ ಕೈತಪ್ಪಿತೆಂದೇ ತಿಳಿಯಿರಿ.

ಖಾಲಿ ಪೆಟ್ಟಿಗೆ ಬಂದಾಗ ಮಾಡಬೇಕಾದ ತಪಾಸಣೆಗೆ ಹತ್ತು ನಿಮಿಷ ಸಾಕು. ಒಬ್ಬರು ಒಳಗೆ ಹೋಗಿ ಎರಡೂ ಬಾಗಿಲು ಮುಚ್ಚಿಸಿಕೊಳ್ಳಿ, ಹೊರಗೊಬ್ಬ ನಿಂತಿರಲಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿಂದ ಮಳೆನೀರೂ ಬರುತ್ತದೆ. ಚಾವಣಿಯ ಮೂಲೆಗಳು, ಬಾಗಿಲಿನ ರಬ್ಬರ್, ನೆಲದ ಪ್ಲೈವುಡ್ ಸೇರುವ ಸಂದು, ಈ ಮೂರನ್ನು ಮುಖ್ಯವಾಗಿ ನೋಡಿ. ಮೂಗನ್ನೂ ಬಳಸಿ. ಹಿಂದಿನ ಸರಕು ಕೆಮಿಕಲ್ಲೋ ಹಸಿ ತೊಗಲೋ ಆಗಿದ್ದರೆ ವಾಸನೆ ಪ್ಲೈವುಡ್ಡಿಗೆ ಇಳಿದಿರುತ್ತದೆ. ಕಾಫಿ, ಮಸಾಲೆ, ಬಟ್ಟೆ ಅದನ್ನು ಹೀರಿಕೊಳ್ಳುತ್ತವೆ. ನೆಲದಲ್ಲಿ ಎದ್ದು ನಿಂತ ಮೊಳೆ, ಎಣ್ಣೆ ಕಲೆ ಇದ್ದರೆ ಫೋಟೋ ತೆಗೆದು ಆಗಲೇ ಲೈನಿನವರಿಗೆ, ಅಂದರೆ ಪೆಟ್ಟಿಗೆ ಕೊಟ್ಟ ಹಡಗು ಕಂಪನಿಗೆ, ಕಳಿಸಿ. ಯಾರ್ಡಿನಿಂದ ಪೆಟ್ಟಿಗೆ ಎತ್ತುವಾಗ ಕೊಡುವ ಇಐಆರ್ (ಪೆಟ್ಟಿಗೆಯ ಸ್ಥಿತಿ ದಾಖಲಿಸುವ) ಚೀಟಿಯಲ್ಲಿ ಬರೆಯದ ಗಾಯವೆಲ್ಲ ನಿಮ್ಮದೇ ಆಗುತ್ತದೆ.

ಎಡ ಬಾಗಿಲಿನ ಮೇಲಿರುವ ಸಿಎಸ್‌ಸಿ (ಪೆಟ್ಟಿಗೆಯ ಸುರಕ್ಷತಾ ಮಾನ್ಯತೆಯ) ತಗಡನ್ನು ಓದಿ. ಗರಿಷ್ಠ ಒಟ್ಟು ತೂಕ ಅಲ್ಲೇ ಅಚ್ಚಾಗಿರುತ್ತದೆ. ಈಗಿನ 20 ಅಡಿ ಪೆಟ್ಟಿಗೆಗಳಲ್ಲಿ ಅದು 30,480 ಕಿಲೋ ಇರುವುದು ಸಾಮಾನ್ಯ, ಹಳೆಯವುಗಳಲ್ಲಿ ಕಡಿಮೆ ಇರಬಹುದು. ಪೆಟ್ಟಿಗೆಯ ಸ್ವಂತ ತೂಕ 2.2ರಿಂದ 2.4 ಟನ್. ಒಳಗಿನ ಉದ್ದ 5.9 ಮೀಟರ್, ಅಗಲ 2.35, ಎತ್ತರ 2.39, ಆದರೆ ಬಾಗಿಲಿನ ಎತ್ತರ 2.28 ಮಾತ್ರ. ಈ ಹನ್ನೊಂದು ಸೆಂಟಿಮೀಟರಿನ ವ್ಯತ್ಯಾಸ ಮರೆತು ಕ್ರೇಟ್ ಕಟ್ಟಿದವರು ಬಾಗಿಲ ಮುಂದೆ ಗರಗಸ ಹಿಡಿಯಬೇಕಾಗುತ್ತದೆ.

ಕಂಟೇನರ್ ನಂಬರನ್ನು ಬರೆದುಕೊಳ್ಳುವುದು ಸುಲಭ ಅನಿಸುತ್ತದೆ, ತಪ್ಪಾಗುವುದೂ ಅಲ್ಲೇ. ನಾಲ್ಕು ಇಂಗ್ಲಿಷ್ ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಒಂದು ಅಂಕಿ. ಆ ಚೌಕದ ಅಂಕಿ ಹಿಂದಿನ ಹತ್ತನ್ನೂ ಕಾಯುವ ಕಾವಲುಗಾರ. ಲೆಕ್ಕ ಹೀಗೆ: ಎ ಅಕ್ಷರಕ್ಕೆ 10, ಬಿಗೆ 12, ಸಿಗೆ 13, ಹೀಗೆ ಏರುತ್ತಾ ಹೋಗಿ, 11, 22, 33 ಬಂದಲ್ಲಿ ಅವನ್ನು ಹಾರಿಸಿ. ಮೊದಲ ಸ್ಥಾನವನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 4ರಿಂದ, ಹೀಗೆ ದುಪ್ಪಟ್ಟು ಮಾಡುತ್ತಾ ಹತ್ತನೆಯದನ್ನು 512ರಿಂದ ಗುಣಿಸಿ ಕೂಡಿ, 11ರಿಂದ ಭಾಗಿಸಿ. ಉಳಿದ ಶೇಷವೇ ಚೌಕದ ಅಂಕಿ. ಶೇಷ 10 ಬಂದರೆ 0. ಉದಾಹರಣೆಗೆ ಸಿಎಸ್‌ಕ್ಯುಯು 305438 ತೆಗೆದುಕೊಳ್ಳಿ. ಸಿ 13, ಎಸ್ 30, ಕ್ಯು 28, ಯು 32. ಗುಣಿಸಿ ಕೂಡಿದರೆ 6185, ಹನ್ನೊಂದರಿಂದ ಭಾಗಿಸಿದರೆ ಶೇಷ 3. ಪೆಟ್ಟಿಗೆಯ ಮೇಲೂ ಚೌಕದಲ್ಲಿ 3 ಇರಬೇಕು. ಎಕ್ಸೆಲ್‌ನಲ್ಲಿ ಒಮ್ಮೆ ಸೂತ್ರ ಬರೆದಿಟ್ಟರೆ 38 ಇದ್ದದ್ದು 83 ಆಗಿ ಇನ್‌ವಾಯ್ಸಿಗೆ ಹೋಗುವುದು ತಪ್ಪುತ್ತದೆ. ಈ ಒಂದು ತಪ್ಪಿಗೆ ತೆರಿಗೆಯ ರೀಫಂಡ್ ಹೇಗೆ ನಿಲ್ಲುತ್ತದೆ ಎಂಬುದು ಮುಂದೆ ಬರುತ್ತದೆ.

ಈಗ ಸ್ಟಫಿಂಗ್. ಜಿಗಣಿಯ ಗ್ರಾನೈಟ್ ಇದಕ್ಕೆ ಒಳ್ಳೆಯ ಪಾಠ. ಗ್ರಾನೈಟಿನ ಸಾಂದ್ರತೆ ಘನ ಮೀಟರಿಗೆ ಸುಮಾರು 2.7 ಟನ್. 2 ಸೆಂಟಿಮೀಟರ್ ದಪ್ಪದ ಸ್ಲ್ಯಾಬ್ ಚದರ ಮೀಟರಿಗೆ 54 ಕಿಲೋ. 3 ಮೀಟರ್ ಉದ್ದ, 1.8 ಮೀಟರ್ ಎತ್ತರದ ಒಂದು ಸ್ಲ್ಯಾಬ್ 290 ಕಿಲೋ ಸುಮಾರು. 26 ಟನ್ ತುಂಬಿದರೂ ಕಲ್ಲು ಹಿಡಿಯುವ ಜಾಗ ಹತ್ತು ಘನ ಮೀಟರಿಗಿಂತ ಕಡಿಮೆ, ಪೆಟ್ಟಿಗೆಯ 33ರಲ್ಲಿ ಮೂರನೆಯ ಒಂದು ಭಾಗವೂ ಇಲ್ಲ. ನೋಡಿದವರಿಗೆ ಇನ್ನೂ ಜಾಗ ಇದೆಯಲ್ಲ ಅನಿಸುತ್ತದೆ. ಜಾಗ ಇದೆ, ತೂಕಕ್ಕೆ ಅವಕಾಶ ಇಲ್ಲ. ಆ ಖಾಲಿ ಜಾಗವೇ ಅಪಾಯ, ಏಕೆಂದರೆ ಕಲ್ಲು ಸರಿಯಲು ಅಲ್ಲೇ ದಾರಿ.

ನೆಲದ ಪ್ಲೈವುಡ್ 28 ಮಿಲಿಮೀಟರ್ ದಪ್ಪ, ಅದರ ಕೆಳಗೆ ಸುಮಾರು ಅಡಿಗೊಂದರಂತೆ ಅಡ್ಡ ಉಕ್ಕಿನ ತೊಲೆಗಳು. 20 ಅಡಿ ಪೆಟ್ಟಿಗೆಯಲ್ಲಿ ಉದ್ದದ ಪ್ರತಿ ಮೀಟರಿಗೆ ಸುಮಾರು 4.5 ಟನ್, 40 ಅಡಿಯದರಲ್ಲಿ 3 ಟನ್ ಮೀರದಂತೆ ಭಾರ ಹರಡಬೇಕು. ಗ್ರಾನೈಟ್ ಒರಗಿಸುವ ಎ-ಫ್ರೇಮಿನ ಕಾಲುಗಳನ್ನು ನೇರ ಪ್ಲೈವುಡ್ ಮೇಲೆ ಊರಿದರೆ ಭಾರವೆಲ್ಲ ಒಂದೆರಡು ತೊಲೆಗಳ ಮೇಲೆ ಬೀಳುತ್ತದೆ. ಹಾಗಾಗಿ ಮೊದಲು ಪೆಟ್ಟಿಗೆಯ ಉದ್ದಕ್ಕೆ ದಪ್ಪ ಮರದ ದಿಮ್ಮಿಗಳನ್ನು ಹಾಸಿ, ಅದರ ಮೇಲೆ ಫ್ರೇಮ್ ಕೂರಿಸಬೇಕು. ದಿಮ್ಮಿ ಅಡ್ಡಡ್ಡ ಹಾಕಿದರೆ ತೊಲೆಗೆ ಸಮಾನಾಂತರವಾಗುತ್ತದೆ, ಪ್ರಯೋಜನವಿಲ್ಲ. ಒಟ್ಟು ತೂಕದ ಶೇಕಡಾ 60ಕ್ಕಿಂತ ಹೆಚ್ಚು ಒಂದೇ ಅರ್ಧದಲ್ಲಿ ಬೀಳಬಾರದು. ಮೀರಿದರೆ ರೀಚ್ ಸ್ಟ್ಯಾಕರ್ ಎತ್ತುವಾಗಲೇ ಪೆಟ್ಟಿಗೆ ಓರೆಯಾಗಿ, ಅಲ್ಲೇ ಕೆಳಗಿಡುತ್ತಾರೆ. ಪಾಲಿಶ್ ಮಾಡಿದ ಮುಖಗಳು ಎದುರುಬದುರು, ನಡುವೆ ತೆಳು ಪ್ಲಾಸ್ಟಿಕ್. ಎಲ್ಲಕ್ಕಿಂತ ಮುಖ್ಯ: ಕಟ್ಟದ ಸ್ಲ್ಯಾಬಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಮನುಷ್ಯ ನಿಲ್ಲಕೂಡದು. ಈ ಸರಕಿನಲ್ಲಿ ಜೀವ ಹೋಗುವುದು ಹೀಗೆ, ಇಳಿಸುವ ಕಡೆ ಇನ್ನೂ ಹೆಚ್ಚು. ಪಟ್ಟಿ ಕತ್ತರಿಸಿದೊಡನೆ ಯಾವ ಕಡೆಗೆ ವಾಲುತ್ತದೆಂದು ಬಂಡಲ್ ಮೇಲೆ ಬಣ್ಣದಲ್ಲಿ ಬಾಣ ಬರೆದು ಕಳಿಸುವುದು ಒಳ್ಳೆಯ ಪದ್ಧತಿ.

ಮೆಷಿನ್‌ಗೆ ಲೆಕ್ಕ ಬೇರೆ. ತೆರೆದ ಕಡಲಿನಲ್ಲಿ ಹಡಗು ಹೊರಳುವಾಗ ಅಡ್ಡಕ್ಕೆ ಸರಕಿನ ತೂಕದ 0.8ರಷ್ಟು ಬಲ ಬರಬಹುದೆಂದು ಹಿಡಿದು ಕಟ್ಟಬೇಕು. ರಸ್ತೆಯಲ್ಲಿ ಗಟ್ಟಿ ಬ್ರೇಕ್ ಹಾಕಿದಾಗ ಮುಂದಕ್ಕೂ ಅಷ್ಟೇ. 10 ಟನ್ನಿನ ಮೆಷಿನ್ ಅಂದರೆ 8 ಟನ್ ಬಲ. ಮೆಷಿನ್ ಕೆಳಗಿನ ಮರದ ಸ್ಕಿಡ್ (ಪೀಠ) ಪ್ಲೈವುಡ್ ಮೇಲೆ ಕೂತರೆ ಘರ್ಷಣೆ ಸುಮಾರು 4.5 ಟನ್ ತಡೆಯುತ್ತದೆ. ಉಳಿದ 3.5 ಟನ್ ಯಾರು ಹಿಡಿಯಬೇಕು? ನೆಲದ ಲ್ಯಾಶಿಂಗ್ ಬಳೆ ಒಂದಕ್ಕೆ 1 ಟನ್ ಮಾತ್ರ ತಾಳಿಕೆ, ಮೇಲಿನವುಗಳಿಗೆ ಅದರ ಅರ್ಧ. ಪಟ್ಟಿ ಓರೆಯಾಗಿರುವುದರಿಂದ ಪೂರ್ತಿ ಒಂದು ಟನ್ ಕೂಡ ಸಿಗುವುದಿಲ್ಲ. ಅದಕ್ಕೇ ಬರೀ ಬೆಲ್ಟ್ ಬಿಗಿದು ಸುಮ್ಮನಾಗಬಾರದು; ಸ್ಕಿಡ್ಡಿನಿಂದ ಪೆಟ್ಟಿಗೆಯ ಕೆಳಪಟ್ಟಿಗೆ ಮರದ ಊರೆ, ಅಂದರೆ ಆಸರೆಯ ತುಂಡು, ಕೊಟ್ಟು ಜಾಗ ತುಂಬಬೇಕು. ಊರೆಯ ತುದಿ ಅಲೆಅಲೆಯ ತಗಡಿನ ಗೋಡೆಗೆ ತಾಗಬಾರದು, ಅದು ಬಗ್ಗುತ್ತದೆ. ಮರ ಯಾವುದೇ ಇರಲಿ, ಐಎಸ್‌ಪಿಎಂ 15ರ (ಮರದಿಂದ ಕೀಟ ಹರಡದಂತೆ ಇರುವ ಅಂತರರಾಷ್ಟ್ರೀಯ ನಿಯಮದ) ಮುದ್ರೆ ಬೇಕು: ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ ಮರ. ಕ್ರೇಟ್‌ಗೆ ಮುದ್ರೆ ಇರುತ್ತದೆ, ಕೊನೇ ಗಳಿಗೆಯಲ್ಲಿ ಅಂಗಳದಿಂದ ಆರಿಸಿ ತಂದ ಊರೆಯ ತುಂಡಿಗೆ ಇರುವುದಿಲ್ಲ. ಆಸ್ಟ್ರೇಲಿಯಾದಂಥ ಕಡೆ ಆ ಒಂದು ತುಂಡಿಗೇ ಇಡೀ ಪೆಟ್ಟಿಗೆ ನಿಲ್ಲುತ್ತದೆ.

ಬೆಂಗಳೂರಿಗೇ ವಿಶೇಷವಾದ ಒಂದು ತೊಂದರೆ ಬೆವರು. ಡಿಸೆಂಬರಿನ ಮುಂಜಾನೆ ಇಲ್ಲಿ ತಣ್ಣಗಿದ್ದ ಉಕ್ಕಿನ ಮೆಷಿನ್ನನ್ನು ತುಂಬಿ ಕಳಿಸುತ್ತೀರಿ. ಒಂಬೈನೂರು ಮೀಟರ್ ಕೆಳಗಿಳಿದು ಚೆನ್ನೈ ಸೇರಿದಾಗ ಬೆಚ್ಚನೆಯ, ತೇವ ತುಂಬಿದ ಗಾಳಿ ಪೆಟ್ಟಿಗೆಯ ಕಿಂಡಿಗಳಿಂದ ಒಳಗೆ ಬರುತ್ತದೆ. ಉಕ್ಕು ಇನ್ನೂ ತಣ್ಣಗೇ ಇರುತ್ತದೆ, ನೀರು ಅದರ ಮೇಲೇ ಕಟ್ಟುತ್ತದೆ. ಮೆಷಿನ್ ಮಾಡಿದ ಸ್ಲೈಡ್‌ವೇ ಮೇಲೆ ತುಕ್ಕು ಬರುವುದು ಹೀಗೆ. ತುಕ್ಕು ತಡೆಯುವ ವಿಸಿಐ ಹಾಳೆಯನ್ನು ಗಾಳಿ ಆಡದಂತೆ ಸುತ್ತಿ, ಒಳಗೆ ತೇವ ಹೀರುವ ಚೀಲ ಇಟ್ಟು ಮುಚ್ಚಬೇಕು. ಬಟ್ಟೆ, ಕಾಫಿಗೆ ಬರುವುದು ಇದರ ತಿರುವುಮುರುವು: ಸರಕಿನೊಳಗಿನ ತೇವವೇ ಆವಿಯಾಗಿ, ರಾತ್ರಿ ತಣಿದ ಚಾವಣಿಗೆ ತಾಗಿ, ಹನಿಹನಿಯಾಗಿ ಮತ್ತೆ ಸರಕಿನ ಮೇಲೇ ಬೀಳುತ್ತದೆ. ಮಳೆಗಾಲದಲ್ಲಿ ಗೋಡೌನಿನಲ್ಲಿ ನೆಂದ ರಟ್ಟಿನ ಡಬ್ಬ, ಹಸಿ ಪ್ಯಾಲೆಟ್ ಇವೇ ಆ ನೀರಿನ ಮೂಲ. ಕಾಫಿಗೆ ಒಳಗೋಡೆ, ಚಾವಣಿಗೆಲ್ಲ ಕ್ರಾಫ್ಟ್ ಕಾಗದ ಹೊದಿಸುತ್ತಾರೆ; 60 ಕಿಲೋದ 320 ಚೀಲ, ಅಂದರೆ 19.2 ಟನ್, 20 ಅಡಿಯಲ್ಲಿ ಹಿಡಿಯುತ್ತದೆ.

ಮಿಡಿಸೌತೆ ಕಳಿಸುವವರಿಗೆ ಒಂದೇ ಮಾತು. 200 ಲೀಟರ್ ಡ್ರಮ್ಮುಗಳು ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಹತ್ತು, ಎರಡು ಅಂತಸ್ತು, ಒಟ್ಟು 80. ಎರಡು ಅಂತಸ್ತುಗಳ ನಡುವೆ ಪ್ಲೈವುಡ್ ಹಾಳೆ ಹಾಕಲು ಜಿಪುಣತನ ಬೇಡ. ಇಲ್ಲದಿದ್ದರೆ ಮೇಲಿನ ಡ್ರಮ್ಮಿನ ಅಂಚು ಕೆಳಗಿನದರ ಮುಚ್ಚಳದ ಮೇಲೆ ಕೂತು, ದಾರಿಯುದ್ದಕ್ಕೂ ಕುಲುಕಿ, ಉಪ್ಪುನೀರು ಸೋರುತ್ತದೆ, ನೆಲ ತೊಳೆಸಿದ ಬಿಲ್ಲು ಲೈನಿನವರಿಂದ ಬರುತ್ತದೆ.

ಬಾಗಿಲು ಮುಚ್ಚಿದ ಮೇಲೆ ತೂಕ. 2016ರ ಜುಲೈ 1ರಿಂದ ವಿಜಿಎಂ, ಅಂದರೆ ತೂಗಿ ಖಚಿತಪಡಿಸಿದ ಒಟ್ಟು ತೂಕ, ಕೊಡದ ಪೆಟ್ಟಿಗೆಯನ್ನು ಹಡಗು ಹತ್ತಿಸುವಂತಿಲ್ಲ. ಎರಡು ದಾರಿಗಳಿವೆ: ತುಂಬಿದ ಪೆಟ್ಟಿಗೆಯನ್ನೇ ತೂಗುವುದು, ಇಲ್ಲವೇ ಸರಕು, ಮರ, ಪ್ಯಾಕಿಂಗ್, ಪೆಟ್ಟಿಗೆಯ ಸ್ವಂತ ತೂಕ ಎಲ್ಲವನ್ನೂ ಕೂಡುವುದು. ಮೊದಲನೆಯದರಲ್ಲಿ ಟ್ರೇಲರಿನ ತೂಕ ಕಳೆಯಬೇಕಲ್ಲ, ಅಲ್ಲಿ ಗಡಿಬಿಡಿ ಆಗುತ್ತದೆ. ಆರ್‌ಸಿ ಪುಸ್ತಕದ ತೂಕ ಕಳೆಯಬೇಡಿ. ಅದೇ ಟ್ರೇಲರನ್ನು ಅದೇ ವೇಬ್ರಿಜ್‌ನಲ್ಲಿ ಖಾಲಿಯಾಗಿ ತೂಗಿಸಿ. ಒಂದೇ ಟ್ರೇಲರಿನಲ್ಲಿ ಎರಡು 20 ಅಡಿ ಪೆಟ್ಟಿಗೆ ಇದ್ದರೆ ಒಟ್ಟಿಗೆ ತೂಗಿ ಎರಡರಿಂದ ಭಾಗಿಸುವ ಚಾಳಿ ಇದೆ. ಅದು ತೂಕವಲ್ಲ, ಊಹೆ.

ಸೀಲು: ಐಎಸ್‌ಒ 17712 ಮಾನದಂಡದ ಬೋಲ್ಟ್ ಸೀಲು, ಮೇಲೆ ಎಚ್ ಅಕ್ಷರ ಇರಬೇಕು. ಫ್ಯಾಕ್ಟರಿಯಲ್ಲೇ ತಾವೇ ಸೀಲು ಹಾಕುವ ಅನುಮತಿ ಪಡೆದವರಿಗೆ 2017ರಿಂದ ಆರ್‌ಎಫ್‌ಐಡಿ ಇ-ಸೀಲು. ಶಿಪ್ಪಿಂಗ್ ಬಿಲ್ಲಿನ ನಂಬರು, ಸೀಲು ಹಾಕಿದ ತಾರೀಖು ಮತ್ತು ಸಮಯ, ಕಂಟೇನರ್ ನಂಬರು, ಟ್ರೇಲರಿನ ನಂಬರು ಇವೆಲ್ಲ ಆ ಸೀಲಿಗೆ ಜೋಡಣೆಯಾಗಿರುತ್ತವೆ. ದಾರಿಯಲ್ಲಿ ಕೆಟ್ಟು ನಿಂತ ಟ್ರೇಲರಿನ ಬದಲು ಬೇರೆ ಟ್ರೇಲರ್ ಬಂದರೆ ಸಿಎಚ್‌ಎಗೆ (ಕಸ್ಟಮ್ಸ್ ಏಜೆಂಟರಿಗೆ) ತಕ್ಷಣ ಫೋನ್ ಮಾಡಬೇಕಾದದ್ದು ಇದಕ್ಕೇ.

ದಿನಗಳ ಲೆಕ್ಕವನ್ನು ಹಡಗು ಹೊರಡುವ ತಾರೀಖಿನಿಂದ ಹಾಕುವವರು ಕೆಡುತ್ತಾರೆ. ಎಣಿಸಬೇಕಾದದ್ದು ಚೆನ್ನೈ ಟರ್ಮಿನಲ್ಲಿನ ಗೇಟ್ ಕಟ್-ಆಫ್‌ನಿಂದ (ಪೆಟ್ಟಿಗೆ ಒಳಬರುವ ಕೊನೆಯ ಗಡುವಿನಿಂದ) ಹಿಂದಕ್ಕೆ: ಅದಕ್ಕೆ ಮುಟ್ಟುವ ರೈಲು ಯಾವುದು, ಆ ರೈಲಿಗೆ ಎಲ್‌ಇಒ ಯಾವಾಗ ಆಗಬೇಕು, ಅದಕ್ಕೆ ಪೆಟ್ಟಿಗೆ ಐಸಿಡಿ ಗೇಟ್ ಯಾವಾಗ ದಾಟಬೇಕು, ಅದಕ್ಕೆ ಸ್ಟಫಿಂಗ್ ಯಾವ ದಿನ. ಹಡಗು ಯಾರಿಗೂ ಕಾಯುವುದಿಲ್ಲ, ಏಕೆಂದರೆ ಅದರ ಗಡಿಯಾರವೂ ಅದರ ಕೈಯಲ್ಲಿಲ್ಲ. ಬರ್ತಿನ ಸಮಯ ಗೊತ್ತಾಗಿರುತ್ತದೆ, ಪೈಲಟ್‌ನನ್ನು ಕರೆತರುವ ಲಾಂಚು, ತಳ್ಳಿ ಎಳೆಯುವ ಟಗ್ಗುಗಳು, ಹಗ್ಗ ಒಯ್ಯುವ ಮೂರಿಂಗ್ ದೋಣಿ ಎಲ್ಲವೂ ಮುಂದಿನ ಹಡಗಿಗೂ ಬೇಕು. ಟಗ್ ಹಗ್ಗ ಹಿಡಿದ ಮೇಲೆ ನಿಮ್ಮ ಪೆಟ್ಟಿಗೆ ಗೇಟಿಗೆ ಬಂದರೂ ಒಂದೇ, ಬಾರದಿದ್ದರೂ ಒಂದೇ; ಮುಂದಿನ ಹಡಗಿಗೆ ಹೋಗುತ್ತದೆ.

ಮಾರಾಟದ ಒಪ್ಪಂದದಲ್ಲೂ ಇದು ಬರುತ್ತದೆ. ನಮ್ಮ ಸಣ್ಣ ರಫ್ತುದಾರರು ಅಭ್ಯಾಸಬಲದಿಂದ ಎಫ್‌ಒಬಿ ಚೆನ್ನೈ ಅಂತ ಬರೆಯುತ್ತಾರೆ. ಹಾಗೆ ಬರೆದರೆ ಸರಕು ಹಡಗಿನ ಮೇಲೆ ಬೀಳುವವರೆಗೂ ಹೊಣೆ ನಿಮ್ಮದೇ, ರೈಲಿನ ದಾರಿ, ಟರ್ಮಿನಲ್ಲಿನ ಕಾಯುವಿಕೆ ಎಲ್ಲ ಸೇರಿ. ಪೆಟ್ಟಿಗೆ ನಿಮ್ಮ ಕೈಬಿಡುವುದು ವೈಟ್‌ಫೀಲ್ಡಿನಲ್ಲಿ ಅಂದಮೇಲೆ ಎಫ್‌ಸಿಎ ಐಸಿಡಿ ವೈಟ್‌ಫೀಲ್ಡ್ (ಹೊಣೆ ಐಸಿಡಿಯಲ್ಲೇ ಮುಗಿಯುವ ಷರತ್ತು) ಎಂದು ಬರೆಯುವುದೇ ಸರಿ. ಎಲ್‌ಸಿ (ಹಣ ಕೊಡುವ ಬ್ಯಾಂಕಿನ ಭರವಸೆ ಪತ್ರ) ಇದ್ದರೆ ಮಲ್ಟಿಮೋಡಲ್, ಅಂದರೆ ರೈಲು-ಹಡಗು ಎರಡನ್ನೂ ಸೇರಿಸಿದ ಸಾಗಣೆಯ, ದಾಖಲೆ ಒಪ್ಪುವಂತೆ ಮೊದಲೇ ಬರೆಸಿಕೊಳ್ಳಿ. ಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮಾವಳಿ ಯುಸಿಪಿ 600ರ 19ನೇ ವಿಧಿಯಡಿ ಸರಕನ್ನು ವಹಿಸಿಕೊಂಡ ಜಾಗ ಐಸಿಡಿಯಾಗಬಹುದು. 20ನೇ ವಿಧಿಯ ಬಂದರಿನಿಂದ ಬಂದರಿನ ಬಿಲ್ ಆಫ್ ಲೇಡಿಂಗ್ ಕೇಳಿದ್ದರೆ ಹಡಗು ಹತ್ತಿದ ತಾರೀಖೇ ಲೆಕ್ಕ. ಇಲ್ಲಿ 28ಕ್ಕೆ ಎಲ್‌ಇಒ ಆಯಿತೆಂದು ನಿಶ್ಚಿಂತೆಯಿಂದಿದ್ದು, ಹಡಗು ಮುಂದಿನ ತಿಂಗಳ 2ಕ್ಕೆ ಹತ್ತಿದರೆ, ತಿಂಗಳ ಕೊನೆಯ ಗಡುವಿರುವ ಎಲ್‌ಸಿಯಲ್ಲಿ ಬ್ಯಾಂಕು ಕಾಗದ ವಾಪಸ್ ಮಾಡುತ್ತದೆ.

ಇನ್ನು ರೀಫಂಡ್. ಐಜಿಎಸ್‌ಟಿ ಕಟ್ಟಿ ರಫ್ತು ಮಾಡಿದವರಿಗೆ ಶಿಪ್ಪಿಂಗ್ ಬಿಲ್ಲೇ ರೀಫಂಡಿನ ಅರ್ಜಿ. ಕಡಲ ಬಂದರಿನಿಂದ ನೇರ ಹೋದ ಸರಕಿಗೆ ಒಂದು ಇಜಿಎಂ (ಹಡಗಿನಲ್ಲಿ ಹೋದ ಸರಕಿನ ಪಟ್ಟಿ) ಸಾಕು. ಐಸಿಡಿಯಿಂದ ಹೋದದ್ದಕ್ಕೆ ಇಲ್ಲಿಂದ ಹೊರಟ ದಾಖಲೆಯೂ ಬೇಕು, ಚೆನ್ನೈನಲ್ಲಿ ಲೈನಿನವರು ಹಾಕುವ ಗೇಟ್‌ವೇ ಇಜಿಎಂ ಕೂಡ ಬೇಕು, ಎರಡೂ ಹೊಂದಬೇಕು. ಹೊಂದದಿದ್ದರೆ ಕಸ್ಟಮ್ಸ್‌ನ ಜಾಲತಾಣ ಐಸ್‌ಗೇಟ್‌ನಲ್ಲಿ ಎಸ್‌ಬಿ006 ಎಂದು ತೋರಿಸುತ್ತದೆ: ಗೇಟ್‌ವೇ ಇಜಿಎಂ ಇಲ್ಲ. ಕಾರಣ ಬಹುತೇಕ ಕಂಟೇನರ್ ನಂಬರಿನಲ್ಲಿ ಒಂದು ಅಂಕಿ ಅದಲುಬದಲಾದದ್ದು, ಇಲ್ಲವೇ ಚೆನ್ನೈ ಎಂದು ಬರೆದ ಪೆಟ್ಟಿಗೆ ಕೊನೆಗೆ ಹತ್ತಿರದ ಕಾಟುಪಳ್ಳಿ ಬಂದರಿನಿಂದ ಹೋದದ್ದು. ಎಸ್‌ಬಿ005 ಬಂದರೆ ತಪ್ಪು ನಿಮ್ಮ ಅಕೌಂಟೆಂಟಿನ ಮೇಜಿನಲ್ಲಿದೆ: ಶಿಪ್ಪಿಂಗ್ ಬಿಲ್ಲಿನ ಇನ್‌ವಾಯ್ಸ್ ನಂಬರಿಗೂ ಜಿಎಸ್‌ಟಿ ರಿಟರ್ನಿನಲ್ಲಿ ಹಾಕಿದ್ದಕ್ಕೂ ತಾಳೆ ಇಲ್ಲ. ಎಸ್‌ಬಿ000 ಅಂದರೆ ಎಲ್ಲ ಸರಿ. ಹಡಗು ಹೊರಟ ವಾರದೊಳಗೆ ಇದನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಆಗ ಲೈನಿನವರ ಬಳಿ ಆ ಹಡಗಿನ ಕಡತ ಇನ್ನೂ ಮೇಜಿನ ಮೇಲೇ ಇರುತ್ತದೆ, ತಿದ್ದುಪಡಿಗೆ ಒಂದು ಇಮೇಲ್ ಸಾಕು. ಆರು ತಿಂಗಳ ನಂತರ ಕೇಳಿದರೆ ಆ ಹಡಗಿನ ಹೆಸರೂ ಯಾರಿಗೂ ನೆನಪಿರುವುದಿಲ್ಲ, ನಿಮ್ಮ ಸಿಎಚ್‌ಎ ಚೆನ್ನೈಗೆ ಓಡಾಡಿದ ಖರ್ಚು ಬೇರೆ ಬರುತ್ತದೆ.

ಆಮದು ಮಾಡುವವರಿಗೆ ಚಿಕ್ಕದಾಗಿ: ಎರಡು ಬಾಡಿಗೆ ಮೀಟರ್‌ಗಳು ಒಟ್ಟಿಗೆ ಓಡುತ್ತಿರುತ್ತವೆ. ಪೆಟ್ಟಿಗೆ ಐಸಿಡಿಯಲ್ಲಿ ಜಾಗ ಹಿಡಿದದ್ದಕ್ಕೆ ಟರ್ಮಿನಲ್ಲಿನವರು ಗ್ರೌಂಡ್ ರೆಂಟ್ ಕೇಳುತ್ತಾರೆ, ಪೆಟ್ಟಿಗೆಯನ್ನೇ ಇಟ್ಟುಕೊಂಡದ್ದಕ್ಕೆ ಲೈನಿನವರು ಡಿಟೆನ್ಷನ್ ಕೇಳುತ್ತಾರೆ. ಉಚಿತ ದಿನಗಳು ಎರಡಕ್ಕೂ ಬೇರೆಬೇರೆ. ಸರಕು ಬಿಡಿಸಿಕೊಂಡು ಫ್ಯಾಕ್ಟರಿಗೆ ಒಯ್ದ ಮೇಲೆ ಮೊದಲನೆಯದು ನಿಲ್ಲುತ್ತದೆ. ಖಾಲಿ ಪೆಟ್ಟಿಗೆಯನ್ನು ಲೈನು ಹೇಳಿದ ಯಾರ್ಡಿಗೆ ಮುಟ್ಟಿಸಿ ಚೀಟಿ ಪಡೆಯುವವರೆಗೂ ಎರಡನೆಯದು ನಿಲ್ಲುವುದಿಲ್ಲ. ಆ ಯಾರ್ಡು ಬೆಂಗಳೂರಿನದೋ ಚೆನ್ನೈನದೋ ಎಂಬುದನ್ನು ಬುಕಿಂಗ್ ಮಾಡುವಾಗಲೇ ಬರಹದಲ್ಲಿ ಕೇಳಿ ಪಡೆಯಿರಿ.